ಗುಣಪಾಲ ಶೆಟ್ಟರ ಬಸ್ಕಿಪರ್ವ

ದೇರೆಬೈಲಿನಲ್ಲಿ ಬೆಳಗಾಗುವುದು ಸೂರ್ಯ ಹುಟ್ಟುವುದರಿಂದ ಎಂದು ನಂಬಿದವರು ೧೯೮೧ರ ಬೇಸಗೆಯಲ್ಲಿ ಅಲ್ಲಿ ವಾಸ ಮಾಡಿದವರಲ್ಲ. ಆ ವರ್ಷ ಅಲ್ಲಿ ಬೆಳಗಾಗುತ್ತಿದ್ದದ್ದು ಗುಣಪಾಲ ಶೆಟ್ಟರ ಬಲ ಮೊಣಕಾಲಿನಿಂದ. ‘ಟಕ್’ ಎಂದು ಒಂದೇ ಸದ್ದು. ಆ ಸದ್ದಿಗೆ ಹಲಸಿನ ಮರದ ಕಾಗೆಗಳು ಒಟ್ಟಿಗೆ ಹಾರುತ್ತಿದ್ದವು, ಹೆಂಗಸರು ಚಹಾಕ್ಕೆ ನೀರಿಡುತ್ತಿದ್ದರು, ಹಾಲಿನವನು ಸೈಕಲ್ಲಿನಿಂದ ಇಳಿದು ಚೈನು ತುಂಡಾಯಿತೇ ಎಂದು ಬಗ್ಗಿ ನೋಡುತ್ತಿದ್ದ. ಕುಂಟಿಕಾನದವರೆಗೆ ಕೇಳುತ್ತದೆ ಎಂದು ಕೆಲವರು ಹೇಳಿದರು. ಇಷ್ಟಕ್ಕೆ ತೃಪ್ತಿಯಾಗದವರು, ಪಣಂಬೂರಿನಲ್ಲಿ ಲಂಗರು ಹಾಕಿದ್ದ ಹಡಗೊಂದು ಅದನ್ನು ಬೇರೆ ಹಡಗಿನ ಸಂಜ್ಞೆಯೆಂದು ತಿಳಿದು ಎರಡು ಸಲ ಹಾರ್ನ್ ಮಾಡಿ ಉತ್ತರ ಕೊಟ್ಟಿತು ಎಂದರು. ಹಡಗಿನ ವಿಷಯ ನನಗೆ ಗೊತ್ತಿಲ್ಲ. ಕಾಗೆಗಳನ್ನು ನಾನೇ ನೋಡಿದ್ದೇನೆ.

ಒಬ್ಬ ಮನುಷ್ಯ ಮನೆಯಂಗಳದಲ್ಲಿ ಬಸ್ಕಿ ಹೊಡೆದರೆ ಇಷ್ಟೆಲ್ಲ ಆಗುತ್ತದೆಯೇ ಎಂದು ಕೇಳಬಹುದು. ಮನುಷ್ಯ ಯಾರು ಎಂಬುದನ್ನು ನೋಡಬೇಕು. ಗುಣಪಾಲ ಶೆಟ್ಟರು ಬಲ್ಮಠದಲ್ಲಿ ಕಾಲೇಜು ಹುಡುಗರಿಂದ ತುಂಬಿರುತ್ತಿದ್ದ ಒಂದು ಸಣ್ಣ ಹೋಟೆಲಿನ ಮಾಲೀಕರು. ಭೂಮಸೂದೆಯಲ್ಲಿ ಊರಿನ ಗದ್ದೆಗಳು ಕೈಬಿಟ್ಟ ಮೇಲೆ ಪೇಟೆಗೆ ಬಂದು ಗಲ್ಲಾದ ಹಿಂದೆ ಕುಳಿತರು. ಕುಳಿತವರು ಬಹಳ ಪ್ರಾಮಾಣಿಕವಾಗಿ ಕುಳಿತರು. ಬೆಳಗ್ಗಿನ ಬನ್ಸ್ ಸರಿಯಾಗಿ ಉಬ್ಬಿದೆಯೇ ಎಂದು ಪರೀಕ್ಷಿಸುವುದು ಮಾಲೀಕನ ಕರ್ತವ್ಯ, ಮತ್ತು ಅದು ಒಂದು ಬನ್ಸಿನಲ್ಲಿ ತಿಳಿಯುವ ವಿಷಯವಲ್ಲ ಎಂಬುದು ಅವರ ಸಿದ್ಧಾಂತವಾಗಿತ್ತು. ಮಧ್ಯಾಹ್ನದ ಗೋಳಿಬಜೆಗೂ ಅದೇ ಸಿದ್ಧಾಂತ. ಹೀಗೆ ಕೆಲವು ವರ್ಷ ಕರ್ತವ್ಯ ಮಾಡಿದ ಮೇಲೆ ಅವರು ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರವನ್ನು ಹತ್ತಿದರು. ಯಂತ್ರ ಚೀಟಿಯಲ್ಲಿ ಅವರ ಭವಿಷ್ಯವನ್ನು ಮಾತ್ರ ಮುದ್ರಿಸಿ ಕೊಟ್ಟು, ತೂಕದ ಜಾಗವನ್ನು ಖಾಲಿ ಬಿಟ್ಟಿತು.

ಮನೆಯಲ್ಲಿ ಇದ್ದವರು ಹೆಂಡತಿ ಕುಶಲಾ, ವಿಧವೆ ತಂಗಿ ಗುಣವತಿ, ಮತ್ತು ಗುಣವತಿಯ ಮಗಳು ಸ್ನೇಹಲತಾ. ತಂದೆ ತೀರಿಕೊಂಡಾಗ ಸ್ನೇಹಲತಾ ನಾಲ್ಕು ವರ್ಷದ ಮಗು. ಅಂದಿನಿಂದ ಅವಳು ಬೆಳೆದದ್ದು ಸೋದರಮಾವನ ಹೆಗಲ ಮೇಲೆ. ಶೆಟ್ಟರಿಗೆ ಸ್ವಂತ ಮಕ್ಕಳಿಲ್ಲ. ಇಲ್ಲ ಎಂದು ಯಾರಾದರೂ ಹೇಳಿದರೆ ಅವರು ಸ್ನೇಹಲತಾಳನ್ನೇ ತೋರಿಸುತ್ತಿದ್ದರು.

ಈ ಸ್ನೇಹಲತಾಳಿಗೆ ಜನವರಿಯಲ್ಲಿ ಮದುವೆ ನಿಶ್ಚಯವಾಯಿತು. ಹುಡುಗ ಕಾರ್ಕಳದ ಕಡೆಯವನು, ಬ್ಯಾಂಕಿನಲ್ಲಿ ಕೆಲಸ, ಮಿತಭಾಷಿ. ಅವನ ಮಿತಭಾಷೆಯಿಂದ ಈ ಕಥೆಗೆ ಏನೂ ತೊಂದರೆಯಿಲ್ಲ, ಏಕೆಂದರೆ ಮಾತಾಡುವ ಜನ ಈ ಕಡೆ ಬೇಕಾದಷ್ಟು ಇದ್ದರು.

ಶೆಟ್ಟರ ಕುಟುಂಬದಲ್ಲಿ ಒಂದು ಕಟ್ಟಳೆ ಉಂಟು. ಬೇರೆ ಮನೆತನಗಳಲ್ಲಿ ಇದೆಯೋ ಇಲ್ಲವೋ, ಅವರಲ್ಲಿ ಇತ್ತು. ಧಾರೆಯ ಮುಹೂರ್ತಕ್ಕೆ ಮದುಮಗಳು ಮಂಟಪಕ್ಕೆ ನಡೆದು ಬರುವ ಹಾಗಿಲ್ಲ. ತಮ್ಮಲೆ, ಅಂದರೆ ಅವಳ ಸೋದರಮಾವ, ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೋಣೆಯಿಂದ ಹೊರಗೆ ಬಂದು, ಮಂಟಪಕ್ಕೆ ಒಂದು ಸುತ್ತು ಬಂದು, ಮಣೆಯ ಮೇಲೆ ಇಳಿಸಬೇಕು. ಅವನಿಂದ ಆಗದಿದ್ದರೆ ವರಸೆಯಲ್ಲಿ ಮುಂದಿನ ಮಾವ ಎತ್ತುತ್ತಾನೆ. ಆಗದವನು ಪಕ್ಕದಲ್ಲಿ ಕೊಡೆ ಹಿಡಿದು ನಡೆಯುತ್ತಾನೆ. ಕೊಡೆ ಹಿಡಿದವನ ಫೋಟೋ ಆಲ್ಬಮ್ಮಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ನಿಶ್ಚಯದ ಊಟ ಚಾಪೆಯ ಮೇಲೆ, ಸಾಲಿನಲ್ಲಿ. ಪಾಯಸ ಆಯಿತು, ಮಜ್ಜಿಗೆ ಆಯಿತು, ಎಲೆ ಮಡಚಿದರು, ಎಲ್ಲರೂ ಎದ್ದರು. ಗುಣಪಾಲ ಶೆಟ್ಟರು ಏಳಲಿಲ್ಲ. ಬಲಗೈ ಎಂಜಲು, ನೆಲಕ್ಕೆ ಊರುವಂತಿಲ್ಲ. ಎಡಗೈಯೊಂದು ಈ ಕೆಲಸಕ್ಕೆ ಸಾಲದು. ಬೀಗರ ಕಡೆಯವರು ಕೈ ತೊಳೆದು ಬಂದು ನೋಡಿದರೆ ಶೆಟ್ಟರು ಇನ್ನೂ ಖಾಲಿ ಎಲೆಯ ಮುಂದೆ ಧ್ಯಾನಸ್ಥರು. “ಭಾವ, ಇನ್ನೂ ಬಡಿಸ್ಬೇಕಾ?” ಎಂದು ಅವರು ಗೌರವದಿಂದಲೇ ಕೇಳಿದರು. ಕೊನೆಗೆ ಅಡುಗೆಯವರಿಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿದರು.

ಅದನ್ನು ನೋಡಿ ಮೊದಲು ನಕ್ಕವನು ಅಣ್ಣು ಶೆಟ್ಟಿ. ಶೆಟ್ಟರ ಚಿಕ್ಕಮ್ಮನ ಮಗ, ತೊಕ್ಕೊಟ್ಟಿನಲ್ಲಿ ಮರದ ಮಿಲ್ಲು, ಕಂಬಳದಲ್ಲಿ ಕೋಣ ಓಡಿಸಿದ ಕಾಲು, ಸರಿಯಾಗಿ ಹೇಳಬೇಕೆಂದರೆ ವರಸೆಯಲ್ಲಿ ಮುಂದಿನ ಮಾವ.

“ಗುಣಪಾಲಣ್ಣ, ನಿನ್ನನ್ನು ಎತ್ಲಿಕ್ಕೇ ಎರಡು ಜನ ಬೇಕಾಯ್ತು. ಮದುಮಗಳನ್ನು ಎಂತ ಎತ್ತುದು ನೀನು? ನಾನು ಎತ್ತುತೇನೆ. ನಿನಗೆ ಒಂದು ಒಳ್ಳೆ ಕೊಡೆ ತರಿಸ್ತೇನೆ, ಬಾಂಬೆಯದ್ದು.”

“ನಾನೇ ಎತ್ತುತೇನೆ,” ಎಂದರು ಶೆಟ್ಟರು.

“ಮಧ್ಯದಲ್ಲಿ ಬಿಟ್ರೆ? ಹುಡುಗಿ ಬಿದ್ರೆ ಅಪಶಕುನ ಮಾರಾಯ.”

ಅಪಶಕುನ ಎಂಬ ಮಾತು ಕೇಳಿದ್ದೇ ಕುಟುಂಬದ ಹಿರಿಯರಾದ ಸರ್ವೋತ್ತಮ ಶೆಟ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆ ತೀರ್ಮಾನ ಹತ್ತಿರ ಬಂದಿದೆ ಎಂದು ಅರ್ಥ. ತೀರ್ಮಾನ ಅಣ್ಣುವಿನ ಕಡೆಗೇ ಹೊರಳುವ ಮೊದಲು ಗುಣಪಾಲ ಶೆಟ್ಟರು ಒಂದು ಮಾತು ಹೇಳಿಬಿಟ್ಟರು. ಸಭೆಯಲ್ಲಿ ಹೇಳಿದ ಮಾತು, ಹಿಂದೆ ತೆಗೆಯುವ ಹಾಗಿಲ್ಲ.

“ನಾಳೆಯಿಂದ ಮದುವೆವರೆಗೆ ದಿನಾ ಬಸ್ಕಿ ಹೊಡೀತೇನೆ. ನಾಳೆ ಒಂದು, ನಾಡಿದ್ದು ಎರಡು, ಹಾಗೆ ದಿನಕ್ಕೊಂದು ಜಾಸ್ತಿ. ಕೈ ಎಲ್ಲಿಯೂ ಊರುದಿಲ್ಲ. ಸೂರ್ಯ ಮುಳುಗುವ ಮೊದಲು ಲೆಕ್ಕ ಮುಗಿಸದಿದ್ರೆ ಆವತ್ತೇ ಹಕ್ಕು ಅಣ್ಣುವಿಗೆ.”

ಒಂದು ದಿನ ತಪ್ಪಿದರೂ ಕೊಡೆ. ಪಂಥ ನಿಂತಿತು. ಇನ್ನು ಬೇಕಾದದ್ದು ನ್ಯಾಯಸ್ಥ ಸಾಕ್ಷಿ. ಅದಕ್ಕೆ ಇಬ್ಬರೂ ಒಪ್ಪಿದ ಹೆಸರು ಶೆಟ್ಟರ ಪಕ್ಕದ ಮನೆಯ ಒಸ್ವಾಲ್ಡ್ ಡಿಸೋಜರದ್ದು. ಒಸ್ವಾಲ್ಡ್ ಒಂದು ಕಾಲದ ಫುಟ್‌ಬಾಲ್ ರೆಫ್ರಿ. ಮೈದಾನದಲ್ಲಿ ಸ್ವಂತ ಹೆಂಡತಿಯ ಅಣ್ಣನನ್ನೇ ಆಟದಿಂದ ಹೊರಗೆ ಹಾಕಿ, ಅಂದಿನಿಂದ ಕ್ರಿಸ್ಮಸ್ಸಿನ ಊಟಕ್ಕೂ ಆ ಮನೆಗೆ ಕರೆಯಿಲ್ಲದೆ ಬದುಕಿದವರು. ಇದಕ್ಕಿಂತ ದೊಡ್ಡ ನಿಷ್ಪಕ್ಷಪಾತ ಮಂಗಳೂರಿನಲ್ಲಿ ಸಿಗುವಂತಿರಲಿಲ್ಲ.

ಆ ಸಂಜೆ ಕುಶಲಕ್ಕ ಗಂಡನನ್ನು ಕೇಳಿದರು. “ನಿಮಗೆ ಎಂತ ಮರ್ಲಾ? ಅಣ್ಣು ಎತ್ತಿದ್ರೆ ಎಂತ ಆಗ್ತದೆ? ಅವನೂ ಮಾವನೇ ಅಲ್ವಾ?”

ಶೆಟ್ಟರು ಬಲ ಮೊಣಕಾಲನ್ನು ಒಮ್ಮೆ ಸವರಿಕೊಂಡರು. ಆಮೇಲೆ ಹೇಳಿದರು. “ಈ ಮನೆಗೆ ಅವಳನ್ನು ಎತ್ತಿಕೊಂಡು ಬಂದದ್ದು ನಾನು. ಹೊರಡಿಸುವಾಗ ಬೇರೆಯವನು ಎತ್ತುದಾ?”

ಕುಶಲಕ್ಕ ಮತ್ತೆ ಆ ವಿಷಯ ಎತ್ತಲಿಲ್ಲ. ಒಳಗೆ ಹೋಗಿ ನೋವಿನೆಣ್ಣೆಯ ಬಾಟ್ಲಿ ಹುಡುಕಿದರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಇದ್ದ ಜನ ನೋಡಿದರೆ ಯಾವುದೋ ದೊಡ್ಡ ಕಾರ್ಯ ಎಂದು ತಿಳಿಯಬೇಕು. ತಮಾಷೆ ನೋಡಲೆಂದೇ ಅಣ್ಣು ಮೊದಲ ಬಸ್ಸಿನಲ್ಲಿ ಬಂದಿದ್ದ. ಒಸ್ವಾಲ್ಡ್ ಬಿಳಿ ಚಡ್ಡಿ, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಸೀಟಿ. ಅವರ ಹೆಂಡತಿ ಗ್ಲ್ಯಾಡಿಸ್ ಬಾಯಿ ಗೋಡೆಯಾಚೆ ಸ್ಟೂಲು ಹಾಕಿ ನಿಂತಿದ್ದರು. ಶೆಟ್ಟರು ಬನಿಯನ್ನಿನಲ್ಲಿ, ಮುಂಡನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಪೂರ್ವಕ್ಕೆ ಮುಖ ಮಾಡಿ ನಿಂತರು. ಸೀಟಿ ಊದಿತು. ಶೆಟ್ಟರು ಇಳಿದರು. ಆ ಚರಿತ್ರಾರ್ಹ ‘ಟಕ್’ ಮೊದಲ ಸಲ ಕೇಳಿದ್ದು ಆಗಲೇ.

ಇಳಿದದ್ದು ಚೆನ್ನಾಗಿಯೇ ಆಯಿತು. ಏಳುವುದು ಸ್ವಲ್ಪ ಮುಂದೆ ಹೋಯಿತು.

ಹಾಲಿನವನು ಹಾಲು ಕೊಟ್ಟು ಹೋದ. ಶೆಟ್ಟರು ಕುಕ್ಕರುಗಾಲಿನಲ್ಲೇ ಇದ್ದರು. ಪೇಪರಿನವನು ಪೇಪರ್ ಎಸೆದ. ಅದು ಎದುರಿಗೇ ಬಿತ್ತು. ಶೆಟ್ಟರು ಮೊದಲ ಪುಟವನ್ನೂ, ಬೇರೇನೂ ಮಾಡಲು ಇಲ್ಲದ್ದರಿಂದ ಅಡಿಕೆ ಧಾರಣೆಯನ್ನೂ ಓದಿದರು. ಕುಶಲಕ್ಕ ಅಂಗಳ ಗುಡಿಸುತ್ತಾ ಬಂದು ಅವರ ಸುತ್ತ ಗುಡಿಸಿಕೊಂಡು ಹೋದರು. ಸ್ನೇಹಲತಾ ಚಹಾ ತಂದಳು.

“ಮಾಮಾ, ಏಳ್ಲಿಕ್ಕೆ ಆಗ್ತದಾ?”

“ಆಗ್ತದೆ. ಅರ್ಜೆಂಟ್ ಇಲ್ಲ.”

“ಕೊಡೆ ಯಾವ ಬಣ್ಣದ್ದು ತರ್ಲಿ ಅಣ್ಣ?” ಎಂದ ಅಣ್ಣು ಜಗಲಿಯಿಂದ.

ಅಷ್ಟರಲ್ಲಿ ಹಲಸಿನ ಮರದಿಂದ ಕೆಂಪಿರುವೆಯೊಂದು ಇಳಿದು ಬಂತು. ಅದು ಎಲ್ಲಿಗೆ ಹೋಯಿತು, ಎಲ್ಲಿ ಕಚ್ಚಿತು ಎಂಬುದನ್ನು ಹೆಂಗಸರೂ ಓದುವ ಬರಹದಲ್ಲಿ ಬರೆಯಲಾಗದು. ಶೆಟ್ಟರು ಎದ್ದರು. ಬರೀ ಎದ್ದದ್ದಲ್ಲ, ಭೂಮಿಯಿಂದ ಒಂದು ಗೇಣು ಮೇಲಕ್ಕೂ ಹೋದರು. ಕೈ ಎಲ್ಲಿಯೂ ಊರಿರಲಿಲ್ಲ.

“ಇದು ನಡಿಯುದಿಲ್ಲ! ಇರುವೆಯ ಸಹಾಯ ತಗೊಂಡದ್ದು!” ಎಂದು ಅಣ್ಣು ಅಂಗಳಕ್ಕೆ ಹಾರಿದ.

ಒಸ್ವಾಲ್ಡ್ ಕೈ ಎತ್ತಿ ಅವನನ್ನು ತಡೆದರು. “ಮಿಸ್ಟರ್ ಅಣ್ಣು, ಬಾಲ್ ಗೋಲ್‌ಪೋಸ್ಟಿಗೆ ತಾಗಿ ಒಳಗೆ ಹೋದ್ರೂ ಗೋಲ್. ಇರುವೆ ಗ್ರೌಂಡಿನ ಭಾಗ.” ಸೀಟಿ ಊದಿ, ತೀರ್ಪು ಮುಗಿಸಿ, ತಿಂಡಿಗೆ ಹೋದರು.

ಮೊದಲ ವಾರ ಶೆಟ್ಟರು ಮೆಟ್ಟಿಲು ಇಳಿಯುತ್ತಿದ್ದದ್ದು ಹಿಂದುಮುಂದಾಗಿ. ಹೋಟೆಲಿನಲ್ಲಿ ಗಲ್ಲಾದ ಕುರ್ಚಿಯಲ್ಲಿ ಕೂರುವಾಗ ‘ಅಬ್ಬಾ’ ಎಂದೂ ಏಳುವಾಗ ‘ಅಮ್ಮಾ’ ಎಂದೂ ಹೇಳುತ್ತಿದ್ದರು. ಕಾಲೇಜು ಹುಡುಗರು ಅದಕ್ಕೆ ಸರಿಯಾಗಿ ಮೇಜು ತಟ್ಟುತ್ತಿದ್ದರು. ಎರಡನೆಯ ವಾರ ಬನ್ಸ್ ಪರೀಕ್ಷೆಯನ್ನು ಒಂದಕ್ಕೆ ಇಳಿಸಿದರು. ಅಡುಗೆಯ ಭಟ್ಟರಿಗೆ ಅವಮಾನವಾಯಿತು. “ಎಂತ ಶೆಟ್ರೇ, ನನ್ನ ಕೈರುಚಿ ಹೋಯ್ತಾ?” ಎಂದು ಅವರು ಒಲೆಯ ಮುಂದೆ ಕಣ್ಣು ಒರೆಸಿಕೊಂಡರು. ಹೊಗೆಯೂ ಇತ್ತೆನ್ನಿ.

ಮೂರನೆಯ ವಾರದಿಂದ ಶೆಟ್ಟರಲ್ಲಿ ಒಂದು ಬದಲಾವಣೆ ಕಂಡಿತು. ಮೊದಲು ನೋವಿನಿಂದ ಮಾಡುತ್ತಿದ್ದದ್ದನ್ನು ಈಗ ಗರ್ವದಿಂದ ಮಾಡತೊಡಗಿದರು. ಏಳುವಾಗ ಮುಖದಲ್ಲಿ ಒಂದು ನಗು ಬರುತ್ತಿತ್ತು, ಚಿಕ್ಕ ಮಗು ಮೊದಲ ಸಲ ಗೋಡೆ ಬಿಟ್ಟು ನಿಂತಾಗ ಬರುವಂಥದ್ದು. ಗೋಡೆಯಾಚೆ ಗ್ಲ್ಯಾಡಿಸ್ ಬಾಯಿ ತಾವೂ ಎರಡು ಬಸ್ಕಿ ಹೊಡೆದು ನೋಡಿದರು. ಆಮೇಲೆ ಆಚೆಯ ಮನೆಯ ನಳಿನಾಕ್ಷಿ ಟೀಚರ್ ಸೆರಗು ಸಿಕ್ಕಿಸಿ ಸೇರಿದರು. ಮಾರ್ಚ್ ಮುಗಿಯುವಾಗ ಒಸ್ವಾಲ್ಡರ ಒಂದು ಸೀಟಿಗೆ ನಾಲ್ಕು ಅಂಗಳಗಳಲ್ಲಿ ಜನ ಒಟ್ಟಿಗೆ ಇಳಿದು ಒಟ್ಟಿಗೆ ಏಳುತ್ತಿದ್ದರು. ದೂರದಿಂದ ನೋಡಿದವರಿಗೆ ದೇರೆಬೈಲೇ ಯಾರಿಗೋ ತಪ್ಪೊಪ್ಪಿಕೊಳ್ಳುತ್ತಿದೆ ಎಂದು ಅನಿಸುವಂತಿತ್ತು.

ತೊಕ್ಕೊಟ್ಟಿನಲ್ಲಿ ಅಣ್ಣುವಿಗೆ ಈ ಸುದ್ದಿ ಮುಟ್ಟಿತು. ಅವನು ಕೆಟ್ಟವನಲ್ಲ. ಆದರೆ ಗೆದ್ದೇಬಿಟ್ಟೆನೆಂದು ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿ, ಬಾಂಬೆಗೆ ಕೊಡೆಗೂ ಹೇಳಿಯಾಗಿತ್ತು. ಆದುದರಿಂದ ಅವನು ಯುದ್ಧವನ್ನು ಅಡುಗೆಮನೆಯ ದಾರಿಯಿಂದ ಆರಂಭಿಸಿದ. ಪ್ರತಿ ಭಾನುವಾರ ಅವನ ಕಡೆಯಿಂದ ಒಂದು ಹಲಸಿನ ಹಣ್ಣು ಬರತೊಡಗಿತು. ಒಮ್ಮೆ ಬುಟ್ಟಿ ತುಂಬ ಬಂಗುಡೆ ಮೀನು. ಇನ್ನೊಮ್ಮೆ ತುಪ್ಪದ ಡಬ್ಬ, ಜೊತೆಗೆ ‘ಅಣ್ಣನ ಆರೋಗ್ಯಕ್ಕೆ’ ಎಂಬ ಸಂದೇಶ. ಕುಶಲಕ್ಕ ಎಲ್ಲವನ್ನೂ ಸಂತೋಷದಿಂದ ಸ್ವೀಕರಿಸಿ ನೆರೆಹೊರೆಗೆ ಹಂಚಿದರು. ಆ ಎರಡು ತಿಂಗಳಲ್ಲಿ ನಮ್ಮ ಬೀದಿಯಲ್ಲಿ ತೂಕ ಇಳಿದದ್ದು ಶೆಟ್ಟರೊಬ್ಬರದ್ದೇ.

ಏಪ್ರಿಲಿನಲ್ಲಿ ಅಣ್ಣು ಕೊನೆಯ ಅಸ್ತ್ರ ತೆಗೆದ. ಮದುವೆಯ ಅಡುಗೆಗೆ ಒಬ್ಬ ಒಳ್ಳೆಯ ಜನ ಸಿಕ್ಕಿದ್ದಾನೆ, ಬಂದು ಮಾತಾಡಿ ಹೋಗು ಎಂದು ಶೆಟ್ಟರನ್ನು ತೊಕ್ಕೊಟ್ಟಿಗೆ ಕರೆಸಿದ. ಅಂದು ಮುಂಜಾನೆ ಹೋಟೆಲಿನಲ್ಲಿ ಹಾಲು ಒಡೆದು ಗಲಾಟೆಯಾಗಿ ಶೆಟ್ಟರಿಗೆ ಬಸ್ಕಿ ಹೊಡೆಯಲು ಆಗಿರಲಿಲ್ಲ; ಸಂಜೆ ಬಂದು ಮಾಡಿದರಾಯಿತು ಎಂದುಕೊಂಡು ಹೊರಟರು. ಅಣ್ಣುವಿನ ಮನೆಯಲ್ಲಿ ಕೋರಿರೊಟ್ಟಿ ಮಾಡಿದ್ದರು. ಕೋಳಿ ಸಾರಿನಲ್ಲಿ ರೊಟ್ಟಿ ನೆನೆಯುವ ಆ ಸಣ್ಣ ಸದ್ದಿಗೆ ಎದುರು ನಿಲ್ಲುವ ತಪಸ್ಸು ಶೆಟ್ಟರದ್ದಾಗಿರಲಿಲ್ಲ. ಉಂಡರು. ಆಮೇಲೆ ಎಳನೀರು. ಆಮೇಲೆ ಮಿಲ್ಲು ತೋರಿಸುವುದು. ಅಡುಗೆಯವನು ‘ಈಗ ಬರ್ತಾನೆ, ಈಗ ಬರ್ತಾನೆ’ ಎಂದು ಹೇಳುತ್ತಲೇ ಬಿಸಿಲು ಇಳಿಯಿತು. ಅಂಥ ಅಡುಗೆಯವನು ಹುಟ್ಟಿಯೇ ಇಲ್ಲ ಎಂದು ಶೆಟ್ಟರಿಗೆ ಹೊಳೆದಾಗ ಅವರು ಚಪ್ಪಲಿ ಹಾಕಿಕೊಳ್ಳಲೂ ನಿಲ್ಲದೆ, ಕೈಯಲ್ಲೇ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದರು.

ಬಸ್ಸು ಸಿಕ್ಕಿತು. ನೇತ್ರಾವತಿ ಸೇತುವೆಯ ನಡುವೆ ಬಂದು ನಿಂತಿತು. ಮುಂದೆ ಹೆಂಚು ತುಂಬಿದ ಲಾರಿಯೊಂದರ ಆಕ್ಸೆಲ್ ಮುರಿದು ಅಡ್ಡ ನಿಂತಿತ್ತು. ಎಡಗಡೆ, ಹೊಳೆ ಸಮುದ್ರ ಸೇರುವಲ್ಲಿ, ಸೂರ್ಯ ಕಿತ್ತಳೆಯಾಗಿ ನೀರಿನ ಹತ್ತಿರಕ್ಕೆ ಬಂದಿದ್ದ.

ಶೆಟ್ಟರು ಇಳಿದರು.

“ಶೆಟ್ರೇ, ಎಲ್ಲಿಗೆ ಇಳಿಯುದು? ಇಲ್ಲಿ ಸ್ಟಾಪ್ ಇಲ್ಲ!” ಎಂದ ಕಂಡಕ್ಟರ್ ಹಾಶಿಂ.

“ಬಸ್ಕಿ ಹೊಡೀಲಿಕ್ಕೆ ಉಂಟು.”

ಹಾಶಿಂ ಅವರನ್ನು ಮೇಲಿನಿಂದ ಕೆಳಗೆ ನೋಡಿದ. “ಹರಕೆಯಾ?”

“ಹಾಗೇ ತಿಳ್ಕೊ ಮಾರಾಯ. ಇವತ್ತಿಗೆ ತೊಂಬತ್ತು. ಲೆಕ್ಕ ಹಿಡೀತೀಯಾ?”

ಶೆಟ್ಟರು ಸೇತುವೆಯ ಕಟ್ಟೆಯ ಪಕ್ಕ ನಿಂತು ಮುಳುಗುವ ಸೂರ್ಯನಿಗೆ ಎದುರಾಗಿ ಇಳಿದರು, ಎದ್ದರು. ‘ಟಕ್’ ಎಂಬ ಸದ್ದಿಗೆ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಹಾಶಿಂ ಬ್ಯಾರಿ ಭಾಷೆಯಲ್ಲಿ ಎಣಿಸಿದ. ಡ್ರೈವರ್ ತುಳುವಿನಲ್ಲಿ ಎಣಿಸಿದ. ಮುಂದಿನ ಸೀಟಿನ ಹೆಂಗಸೊಬ್ಬರು ಕೊಂಕಣಿಯಲ್ಲಿ, ಕಾಸರಗೋಡಿನಿಂದ ಬಂದ ಇಬ್ಬರು ಮಲಯಾಳದಲ್ಲಿ. ನಡುವಿನಲ್ಲಿ ನಾಲ್ಕು ಲೆಕ್ಕಗಳೂ ಒಂದರ ಮೇಲೊಂದು ಬಿದ್ದು, ಯಾರು ಎಲ್ಲಿದ್ದಾರೆಂದು ಯಾರಿಗೂ ತಿಳಿಯದಾಯಿತು. ಕೋರಿರೊಟ್ಟಿ ಒಳಗಿನಿಂದ ತನ್ನ ಅಭಿಪ್ರಾಯ ತಿಳಿಸುತ್ತಿತ್ತು. ಶೆಟ್ಟರ ಬೆವರು ಮೂಗಿನ ತುದಿಯಿಂದ ನೇತ್ರಾವತಿಗೆ ಬಿತ್ತು. ಸೂರ್ಯನ ಅರ್ಧ ಹೋಯಿತು. ಕಾಲು ಭಾಗ ಉಳಿಯಿತು. ಇಡೀ ಬಸ್ಸು ಇಳಿದು ಸುತ್ತ ನಿಂತು, “ಒಂದು, ಇನ್ನೊಂದು!” ಎಂದು ಕೂಗುತ್ತಿತ್ತು. ಹಿಂದಿನ ಬಸ್ಸುಗಳವರು ಸೇತುವೆಯಲ್ಲಿ ಏನೋ ಅವಘಡವಾಗಿದೆಯೆಂದು ಓಡಿ ಬಂದು, ಸಂಗತಿ ತಿಳಿದು, ತಾವೂ ಕೂಗತೊಡಗಿದರು.

“ಮುಗೀತು!” ಎಂದ ಹಾಶಿಂ.

“ಎಂತ ಮುಗಿದದ್ದು? ಒಂದು ಬಾಕಿ ಉಂಟು,” ಎಂದಳು ಖಾಲಿ ಬುಟ್ಟಿಯ ಮೀನು ಮಾರುವವಳು. “ಎಣಿಸ್ಲಿಕ್ಕೆ ನನಗೆ ಕಲಿಸ್ಬೇಡ.”

ಚರ್ಚೆಗೆ ಸಮಯವಿರಲಿಲ್ಲ. ಶೆಟ್ಟರು ಇನ್ನೊಂದು ಹೊಡೆದರು. ಎದ್ದು ನಿಂತಾಗ ಸೂರ್ಯನ ಕೊನೆಯ ಅಂಚು, ಅಷ್ಟರವರೆಗೆ ಕಾದು ನಿಂತಿತ್ತೋ ಎಂಬಂತೆ, ನೀರಿಗಿಳಿಯಿತು.

ಮರುದಿನ ಅಣ್ಣು ದೇರೆಬೈಲಿಗೆ ಮೇಲ್ಮನವಿ ತಂದ. ಬಸ್ಕಿ ಮನೆಯಲ್ಲಿ ಹೊಡೆದಿಲ್ಲ, ರೆಫ್ರಿಯ ಎದುರು ಹೊಡೆದಿಲ್ಲ, ಆದುದರಿಂದ ಹಕ್ಕು ತನ್ನದು. ಶೆಟ್ಟರ ಮುಖ ಸಣ್ಣದಾಯಿತು. ಆದರೆ ಹಾಶಿಂಗೆ ಪಂಥದ ವಿಷಯ ತಿಳಿದ ಮೇಲೆ ನಿದ್ದೆ ಬಂದಿರಲಿಲ್ಲವಂತೆ. ಡ್ಯೂಟಿ ಬದಲಿಸಿಕೊಂಡು, ಖಾಕಿಯಲ್ಲೇ, ಸಾಕ್ಷಿ ಹೇಳಲು ಬಂದಿದ್ದ. ಒಸ್ವಾಲ್ಡ್ ಅವನನ್ನು ಜಗಲಿಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದರು.

“ಕೈ ಊರಿದ್ದಾರಾ?”

“ಇಲ್ಲ ಸಾರ್.”

“ಪೂರಾ ಇಳಿದಿದ್ದಾರಾ?”

“ಪೂರಾ. ನಾವು ಒಂದು ಜಾಸ್ತಿಯೇ ಹೊಡೆಸಿದ್ದೇವೆ ಸಾರ್, ಮೀನಿನವಳು ಬಿಡ್ಲಿಲ್ಲ.”

ಒಸ್ವಾಲ್ಡ್ ಎದ್ದು ನಿಂತರು. “ಹೋಮ್ ಗ್ರೌಂಡೇ ಆಗ್ಬೇಕು ಅಂತ ಆವತ್ತು ಯಾರೂ ಹೇಳ್ಲಿಲ್ಲ. ಅವೇ ಮ್ಯಾಚಲ್ಲಿ ಹೊಡೆದ ಗೋಲೂ ಗೋಲ್. ಲೈನ್ಸ್‌ಮನ್ ಇದ್ದ. ಪ್ರೇಕ್ಷಕರೂ ಇದ್ರು.” ಸೀಟಿ ಊದಿದರು. ಹಾಶಿಂಗೆ ಅಭ್ಯಾಸಬಲದಿಂದ ‘ರೈಟ್’ ಎಂದು ಹೇಳಿಹೋಯಿತು.

ಮೇ ತಿಂಗಳಲ್ಲಿ ಮದುವೆ. ಮದುವೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀಗರ ಕಡೆಯವರು ಒಂದು ಭಾಗ, ನಮ್ಮ ಕಡೆಯವರು ಎರಡು ಭಾಗ, ಬಸ್ಸಿನವರು ಉಳಿದ ಭಾಗ. ಅಣ್ಣು ಕೊಡೆ ತಂದಿದ್ದ. ಯಾವುದಕ್ಕೂ ಇರಲಿ ಎಂದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಸರ್ವೋತ್ತಮ ಶೆಟ್ಟರು ಕನ್ನಡಕ ಒರೆಸುತ್ತಾ ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಕೋಣೆಯ ಬಾಗಿಲಲ್ಲಿ ಸ್ನೇಹಲತಾ ಮಣೆಯ ಮೇಲೆ ನಿಂತಿದ್ದಳು, ರೇಷ್ಮೆ ಸೀರೆ, ಜಡೆ ತುಂಬ ಮಲ್ಲಿಗೆಯ ಅಟ್ಟೆ, ಅವಳ ತೂಕಕ್ಕೆ ಅವುಗಳ ತೂಕವೂ ಸೇರಿ. ಗುಣಪಾಲ ಶೆಟ್ಟರು ಹೊಸ ರೇಷ್ಮೆ ಮುಂಡು ಉಟ್ಟು ಎದುರು ಬಂದು ನಿಂತರು. ಸಭೆ ಉಸಿರು ಹಿಡಿಯಿತು. ಶೆಟ್ಟರು ಮೊಣಕಾಲು ಮಡಚಿದರು. ‘ಟಕ್.’ ಬಸ್ಸಿನವರ ಕಡೆಯಿಂದ ಒಂದು ಸಣ್ಣ ಚಪ್ಪಾಳೆ ಬಿತ್ತು. ಅವರು ಅವಳನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಎದ್ದರು. ಎಲ್ಲಿಯೂ ನಿಲ್ಲದೆ, ಅಲುಗದೆ, ತುಂಬಿದ ಹೊಳೆಯಲ್ಲಿ ದೋಣಿ ಏರುವ ಹಾಗೆ ಎದ್ದರು. ಗುಣವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಣ್ಣುವಿನ ಕಂಕುಳಿಂದ ಕೊಡೆ ಬಿತ್ತು, ಅವನು ಹೆಕ್ಕಲಿಲ್ಲ.

ವಾದ್ಯದವರು ಊದಿದರು. ಶೆಟ್ಟರು ಮಂಟಪಕ್ಕೆ ಒಂದು ಸುತ್ತು ಬಂದರು. ಮಣೆಯ ಎದುರು ಪುರೋಹಿತರು ‘ಇಳಿಸಿ’ ಎಂದು ಕೈ ತೋರಿಸಿದರು.

ಶೆಟ್ಟರು ಇಳಿಸಲಿಲ್ಲ. ಮುಂದೆ ನಡೆದರು.

ಎರಡನೆಯ ಸುತ್ತು. ಸಭೆಯಲ್ಲಿ ಗುಸುಗುಸು ಎದ್ದಿತು. ಅವರ ಮುಖದಲ್ಲಿ ಈಗ ಒಂದು ದಿವ್ಯವಾದ ಗಾಂಭೀರ್ಯ ಬಂದಿತ್ತು. ಮೊಣಕೈಗಳು ಪಕ್ಕೆಗೆ ಅಂಟಿದ್ದವು, ಮದುಮಗಳನ್ನು ಎದೆಯಿಂದ ಹೊಟ್ಟೆಯವರೆಗೆ ಬಿಗಿಯಾಗಿ ಒತ್ತಿ ಹಿಡಿದಿದ್ದರು, ಹೆಜ್ಜೆಗಳನ್ನು ಯೋಗಿಯಂತೆ ಹತ್ತಿರ ಹತ್ತಿರ ಇಡುತ್ತಿದ್ದರು. ಸ್ನೇಹಲತಾ ಅವರ ಕಿವಿಯಲ್ಲಿ ಏನೋ ಕೇಳಿದಳು. ಅವರು ತುಟಿ ಅಲುಗಿಸದೆ ಏನೋ ಹೇಳಿದರು. ಅವಳು ಮುಖವನ್ನು ಅವರ ಹೆಗಲಲ್ಲಿ ಹುದುಗಿಸಿದಳು, ಮೈಯೆಲ್ಲ ಕುಲುಕುತ್ತಿತ್ತು. ತವರು ಬಿಡುವ ಹುಡುಗಿಯ ಅಳು ನೋಡಿ ಹೆಂಗಸರ ಸಾಲಿನಲ್ಲಿ ಎಲ್ಲರೂ ಅತ್ತರು. ಗ್ಲ್ಯಾಡಿಸ್ ಬಾಯಿಗೆ ಒಸ್ವಾಲ್ಡರ ಕರವಸ್ತ್ರವೂ ಸಾಲಲಿಲ್ಲ.

ಮೂರನೆಯ ಸುತ್ತು. ವಾದ್ಯದವರು ಏನು ಊದುವುದೆಂದು ತಿಳಿಯದೆ ಮೊದಲಿನಿಂದ ಶುರುಮಾಡಿದರು. ಕುಶಲಕ್ಕ ಗಂಡನ ಮುಖವನ್ನು ನೋಡಿದರು. ಗಂಡ ಕಣ್ಣಿನಿಂದಲೇ ಏನೋ ಹೇಳಿದರು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ ಹೆಂಡತಿ. ಬೀಗರ ಸನ್ಮಾನಕ್ಕೆಂದು ತಟ್ಟೆಯಲ್ಲಿಟ್ಟಿದ್ದ ಜರಿಯ ಶಾಲನ್ನು ತೆಗೆದುಕೊಂಡು ಗಂಭೀರವಾಗಿ ಮುಂದೆ ನಡೆದು, ಗಂಡನ ಸೊಂಟಕ್ಕೆ ಸುತ್ತಿ, ಎರಡು ಗಂಟು ಹಾಕಿ ಬಲವಾಗಿ ಜಗ್ಗಿದರು. ಆಗ ಶೆಟ್ಟರು ಮೊಣಕಾಲು ಮಡಚಿ, ಮಗಳನ್ನು ಮಣೆಯ ಮೇಲೆ ಹೂವಿನ ಹಾಗೆ ಇಳಿಸಿದರು.

ಇಡೀ ಹಾಲ್ ಚಪ್ಪಾಳೆಯಿಂದ ತುಂಬಿತು. ಒಸ್ವಾಲ್ಡ್ ಸೀಟಿ ಊದಿದರು. ಅಣ್ಣು ಬಂದು ಶೆಟ್ಟರನ್ನು ತಬ್ಬಿಕೊಂಡು, “ಸೋತೆ ಅಣ್ಣ, ನಾನು ಸೋತೆ. ಮೂರು ಸುತ್ತು ನನ್ನಿಂದಲೂ ಆಗ್ತಿರಲಿಲ್ಲ,” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಶೆಟ್ಟರು ಅವನ ಬೆನ್ನು ತಟ್ಟಿದರು. ಏನೂ ಹೇಳಲಿಲ್ಲ.

ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಊಟದ ಹೊತ್ತಿಗೆ ಸರ್ವೋತ್ತಮ ಶೆಟ್ಟರು ಕನ್ನಡಕ ಹಾಕಿಕೊಂಡು ವಿವರಣೆ ಕೊಟ್ಟಾಗಿತ್ತು. ನಿಜವಾದ ಹಳೆಯ ಕಟ್ಟಳೆ ಮೂರು ಸುತ್ತೇ. ಒಂದು ಭೂಮಿಗೆ, ಒಂದು ಕುಟುಂಬದ ದೈವಕ್ಕೆ, ಒಂದು ತಾಯಿಮನೆಗೆ. ಶಾಲು ಕಟ್ಟುವುದೆಂದರೆ ‘ನಿನ್ನ ಋಣ ಮುಗಿಯಿತು’ ಎಂದು ಅತ್ತೆ ಮಾವನನ್ನು ಬಿಡುಗಡೆ ಮಾಡುವುದು. ತನ್ನ ಅಜ್ಜನ ಕಾಲದಲ್ಲಿ ಇದ್ದದ್ದು, ನಡುವೆ ಸೋಮಾರಿಗಳು ಬಿಟ್ಟದ್ದು, ಗುಣಪಾಲ ಮತ್ತೆ ಎತ್ತಿ ಹಿಡಿದ. ಕೇಳಿದವರು ತಲೆಯಾಡಿಸಿದರು. ಮುಂದಿನ ವರ್ಷದ ಮದುವೆಯಲ್ಲಿ ಮಾವ ಮೂರು ಸುತ್ತು ಬಂದ, ಅತ್ತೆ ಶಾಲು ಕಟ್ಟಿದಳು. ಅದರ ಮುಂದಿನ ವರ್ಷ ಹೊರಗಿನ ಕುಟುಂಬದವರೂ ಹಾಗೆ ಮಾಡಿದರು. ಒಂದೇ ಸುತ್ತಿಗೆ ನಿಂತ ಒಬ್ಬ ಮಾವನ ಬಗ್ಗೆ ಜನ ಬಹಳ ದಿನ ಆಡಿಕೊಂಡರು. ಫೋಟೋದವರಿಗೆ ‘ಶಾಲು ಕಟ್ಟುವ ಪೋಸ್’ ಎಂಬುದು ಒಂದು ಪದ್ಧತಿಯೇ ಆಯಿತು.

ಹೀಗೆ ೧೯೮೭ ಬಂತು. ಅಣ್ಣುವಿನ ಸ್ವಂತ ತಂಗಿಯ ಮಗಳು ಹೇಮಾಕ್ಷಿಯ ಮದುವೆ. ಎತ್ತಬೇಕಾದವನು ಅಣ್ಣು. ಆದರೆ ಕಂಬಳದ ಕಾಲುಗಳ ಮೇಲೆ ಆರು ವರ್ಷದಲ್ಲಿ ಮರದ ಮಿಲ್ಲಿನ ಸಮೃದ್ಧಿ ಕುಳಿತಿತ್ತು. ಅವನೂ ಮನೆಯಂಗಳದಲ್ಲಿ ಬಸ್ಕಿ ಹಿಡಿದ. ತೊಕ್ಕೊಟ್ಟಿನ ಕಾಗೆಗಳು ಈಗ ಅವನಿಂದ ಏಳುತ್ತಿದ್ದವು. ಒಂದು ಸುತ್ತಿಗೆ ಅವನು ತಯಾರು. ಮೂರು ಎಂದರೆ ಬೆವರುತ್ತಿದ್ದ.

ಮದುವೆಗೆ ಒಂದು ವಾರ ಇರುವಾಗ ಅವನು ಬಲ್ಮಠದ ಹೋಟೆಲಿಗೆ ಬಂದ. ಗುಣಪಾಲ ಶೆಟ್ಟರು ಗಲ್ಲಾದ ಹಿಂದೆ ಕುಳಿತು ಬನ್ಸ್ ಪರೀಕ್ಷಿಸುತ್ತಿದ್ದರು. ಪರೀಕ್ಷೆ ಹಳೆಯ ಪ್ರಮಾಣಕ್ಕೆ ಬಂದು ವರ್ಷಗಳಾಗಿದ್ದವು. ಅಣ್ಣು ಎದುರಿನ ಬೆಂಚಿನಲ್ಲಿ ಶಿಷ್ಯನ ಹಾಗೆ ಕುಳಿತ.

“ಅಣ್ಣ, ನೀನು ಗುರು. ನನಗೆ ಒಂದು ಹೇಳು. ಒಂದು ಸುತ್ತು ಆದ ಮೇಲೆ ಎಲ್ಲರಿಗೂ ಕೈ ಸೋಲ್ತದೆ. ನೀನು ಮಾತ್ರ ಇಳಿಸಲೇ ಇಲ್ಲ. ಮೂರು ಸುತ್ತು ಬಂದಿ. ಆ ಬಲ ಎಲ್ಲಿಂದ ಬಂತು? ಮನಸ್ಸಿನಲ್ಲಿ ಎಂತ ಇತ್ತು ನಿನಗೆ? ದೈವವನ್ನು ನೆನಪು ಮಾಡಿದ್ದಾ?”

ಗುಣಪಾಲ ಶೆಟ್ಟರು ಕೈಯಲ್ಲಿದ್ದ ಬನ್ಸಿನ ತುಂಡನ್ನು ಬಾಯಿಗೆ ಹಾಕಿ, ಸಾವಕಾಶವಾಗಿ ಅಗಿದು ನುಂಗಿದರು.

“ಬಸ್ಕಿ ಹೊಡೆದು ಹೊಟ್ಟೆ ಹೋಗಿತ್ತಲ್ಲ ಮಾರಾಯ, ರೇಷ್ಮೆ ಮುಂಡು ನಿಲ್ಲಲಿಲ್ಲ. ಅವಳನ್ನು ಒತ್ತಿ ಹಿಡಿದದ್ದಕ್ಕೆ ಮರ್ಯಾದೆ ಉಳೀತು.”